ಕೌಂಟರಿನ ಕೆಲಸ ಗ್ರಾಹಕರ ಹೆಗಲಿಗೆ: ಹಿರಿಯರಿಗೆ ಬ್ಯಾಂಕಿನ ಮೇಲೆ ಸಿಟ್ಟು ಯಾಕೆ?

"ಇದನ್ನ ಆ್ಯಪ್‌ನಲ್ಲೇ ಮಾಡ್ಕೋಬಹುದಲ್ಲ ಸಾರ್?"

"ನನ್ನ ಹತ್ರ ಅಂಥ ಫೋನ್ ಇಲ್ಲಪ್ಪ."

"ಹಾಗಾದ್ರೆ ನಿಮ್ಮ ಮಗನ್ನ ಕರ್ಕೊಂಡ್ ಬನ್ನಿ."

ಪಿಂಚಣಿ ಜಮಾ ಆಗುವ ವಾರದಲ್ಲಿ ಯಾವ ಊರಿನ ಬ್ಯಾಂಕಿಗೆ ಹೋದರೂ ಈ ಮೂರು ಮಾತು ಕಿವಿಗೆ ಬೀಳುತ್ತವೆ. ಒಳಗೆ ಕೂತ ಹುಡುಗ ಒರಟನೇನಲ್ಲ. ಇಷ್ಟು ಜನಕ್ಕೆ ಆ್ಯಪ್ ಹಾಕಿಸಬೇಕು ಎಂಬ ಟಾರ್ಗೆಟ್ ಅವನ ತಲೆಯ ಮೇಲಿದೆ, ಎದುರಿಗೆ ಉದ್ದನೆಯ ಸಾಲಿದೆ. ಹೊರಗೆ ನಿಂತವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರೋ, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರೋ ಇರಬಹುದು. ಲೆಕ್ಕ ಬಾರದವರಂತೂ ಅಲ್ಲ. ಆ ಮೂರನೇ ಮಾತು ಕೇಳಿದಾಗ ಮಾತ್ರ ಅವರ ಮುಖ ಕೆಂಪಾಗುತ್ತದೆ. ಜೀವನವಿಡೀ ಸ್ವಂತ ದುಡ್ಡನ್ನು ಸ್ವಂತ ಸಹಿಯಿಂದ ನಡೆಸಿದವರಿಗೆ ಈಗ ಜೊತೆಗೊಬ್ಬರು ಬೇಕಂತೆ.

ಇದಕ್ಕೆ ಎಲ್ಲರೂ ಕೊಡುವ ಕಾರಣ, ವಯಸ್ಸಾದವರಿಗೆ ಹೊಸದು ಒಗ್ಗುವುದಿಲ್ಲ ಎಂಬುದು. ನನಗೆ ಅದು ಸೋಮಾರಿತನದ ಉತ್ತರ ಅನಿಸುತ್ತದೆ. ಇದೇ ಹಿರಿಯರು ಮೊಮ್ಮಗಳ ಜೊತೆ ವಿಡಿಯೊ ಕಾಲ್ ಮಾಡುತ್ತಾರೆ, ಯೂಟ್ಯೂಬಿನಲ್ಲಿ ಹಳೆಯ ತಾಳಮದ್ದಳೆ ಹುಡುಕಿ ಕೇಳುತ್ತಾರೆ. ಅಲ್ಲಿ ತಪ್ಪು ಒತ್ತಿದರೆ ಬೇರೆ ಹಾಡು ಬರುತ್ತದೆ, ಅಷ್ಟೆ. ಬ್ಯಾಂಕಿನ ಆ್ಯಪ್‌ನಲ್ಲಿ ತಪ್ಪು ಒತ್ತಿದರೆ ಹೋಗುವುದು ಜೀವಮಾನದ ಉಳಿತಾಯ. ಬ್ಯಾಂಕುಗಳು ಆನ್‌ಲೈನ್‌ಗೆ ಹೋಗುವಾಗ ಗುಮಾಸ್ತರ ಕೆಲಸವನ್ನು ಗ್ರಾಹಕರಿಗೆ ದಾಟಿಸಿದವು, ಗುಮಾಸ್ತರ ತಪ್ಪಿನ ಹೊಣೆಯನ್ನೂ ಜೊತೆಗೇ ದಾಟಿಸಿದವು. ಈ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿರಿಯರಿಗೆ ಅದು ತಾನಾಗಿ ಅರ್ಥವಾಗಿದೆ.

ನಾಲ್ಕು ಕಣ್ಣು ಇದ್ದ ಕಡೆ ಎರಡೇ ಕಣ್ಣು

ಹಿಂದೆ ಹಣ ತೆಗೆಯಲು ಸ್ಲಿಪ್ ಬರೆದು ಕೊಟ್ಟರೆ ಗುಮಾಸ್ತರು ಲೆಡ್ಜರ್ ತೆರೆದು ನೋಡುತ್ತಿದ್ದರು, ಅಧಿಕಾರಿ ಸಹಿ ಹೋಲಿಸಿ ಪಾಸ್ ಮಾಡುತ್ತಿದ್ದರು, ಹಿತ್ತಾಳೆ ಟೋಕನ್ ಹಿಡಿದು ಕೂತವರನ್ನು ಕ್ಯಾಷಿಯರ್ ಕೂಗಿ ಕರೆದು, ಎರಡು ಸಲ ಎಣಿಸಿ ಕೊಡುತ್ತಿದ್ದರು. ನಿಧಾನ ಹೌದು, ಬೇಸರವೂ ಹೌದು. ಖಾತೆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೆ ಮಾತ್ರ "ಇದು ನಿಮ್ಮ ಹೆಸರಲ್ಲವಲ್ಲ ರಾಯರೇ" ಅನ್ನುವ ಒಬ್ಬರು ಅಲ್ಲಿರುತ್ತಿದ್ದರು.

ಆ್ಯಪ್‌ನಲ್ಲಿ ನೆಫ್ಟ್ ಮೂಲಕ, ಅಂದರೆ ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದು ಬ್ಯಾಂಕಿನ ಖಾತೆಗೆ, ಹಣ ಕಳಿಸುವಾಗ ಆ ಒಬ್ಬರು ಇಲ್ಲ. ನಾವು ಟೈಪ್ ಮಾಡಿದ ಹೆಸರನ್ನು ಯಂತ್ರ ನೋಡುವುದಿಲ್ಲ. ಖಾತೆ ಸಂಖ್ಯೆ ಯಾರದೋ ಅವರಿಗೆ ಹಣ ಹೋಗುತ್ತದೆ. ಹಣ ಕಳಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಆ ಕಣ್ಣು ಒಂದಿಷ್ಟು ಮರಳಿತು. ಅಲ್ಲಿಯವರೆಗೆ ವರ್ಷಗಟ್ಟಲೆ ಕೋಟ್ಯಂತರ ಜನ ಈ ಕೆಲಸವನ್ನು ಒಬ್ಬೊಬ್ಬರೇ, ಉಸಿರು ಬಿಗಿಹಿಡಿದು ಮಾಡಿದ್ದಾರೆ.

ಬ್ಯಾಂಕುಗಳಿಗೆ ಇದು ಬೇಕಾದದ್ದು ಯಾಕೆಂದರೆ ಕೌಂಟರಿಗೆ ಸಂಬಳ, ಬಾಡಿಗೆ, ಕರೆಂಟು ಎಲ್ಲ ಬೇಕು. ಫೋನಿಗೆ ಗ್ರಾಹಕರೇ ರೀಚಾರ್ಜ್ ಮಾಡಿಸಿಕೊಳ್ಳುತ್ತಾರೆ. ಇದರಲ್ಲಿ ಒಳಸಂಚೇನೂ ಇಲ್ಲ. ಆನ್‌ಲೈನ್‌ನಿಂದ ಹಿರಿಯರಿಗೂ ಲಾಭವಾಗಿದೆ, ಕರೆಂಟ್ ಬಿಲ್ಲಿಗೆ ಬಿಸಿಲಲ್ಲಿ ನಿಲ್ಲುವುದು ತಪ್ಪಿದೆ.

ಆದರೆ ಮನೆಬಾಗಿಲಿಗೆ ಬ್ಯಾಂಕು ಬರುವುದು ನಮಗೆ ಹೊಸದೇನಲ್ಲ. 1928ರಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಮೀನು ಮಾರುವ ಹೆಂಗಸಿಗೆ, ನೇಕಾರನಿಗೆ ಬ್ಯಾಂಕು ಒಗ್ಗಿದ್ದು ಹೀಗೆ. ಅವರು ಲೆಡ್ಜರ್ ಬರೆಯಲು ಕಲಿಯಲಿ ಎಂದು ಯಾರೂ ಕಾಯಲಿಲ್ಲ. ಇಂದು ಎಂಬತ್ತು ದಾಟಿದ ಕರಾವಳಿಯ ಅನೇಕರಿಗೆ ಬ್ಯಾಂಕು ಅಂದರೆ ಆ ಏಜೆಂಟರ ಮುಖ. ಆ ಬ್ಯಾಂಕೂ ಈಗ ಇಲ್ಲ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿಗೆ ಸೇರಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ. ಕರ್ನಾಟಕದ ಹಿರಿಯರಿಗೆ ಬೋರ್ಡು, ಚೆಕ್‌ಬುಕ್, ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾದದ್ದೂ ಕೌಂಟರು ಫೋನಿಗೆ ಹೋದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಗಾಬರಿಯಾಗದಿದ್ದರೆ ಆಶ್ಚರ್ಯ.

ಎಲ್ಲ ಬೀಗಕ್ಕೂ ಒಂದೇ ಕೀಲಿ: ಮೊಬೈಲ್ ನಂಬರು

ಆನ್‌ಲೈನ್ ಬ್ಯಾಂಕಿಂಗ್ ಹೇಗೆ ನಡೆಯುತ್ತದೆ ಎಂಬುದನ್ನು ಹಿರಿಯರಿಗೆ ಯಾರೂ ನೆಟ್ಟಗೆ ವಿವರಿಸುವುದಿಲ್ಲ. ತಿರುಳು ಸರಳವಾಗಿದೆ. ಶಾಖೆಯಲ್ಲಿ ನಿಮ್ಮನ್ನು ಗುರುತಿಸುತ್ತಿದ್ದದ್ದು ಮುಖ ಮತ್ತು ಸಹಿ. ಆನ್‌ಲೈನ್‌ನಲ್ಲಿ ಗುರುತಿಸುವುದು ಎರಡು ಸಂಗತಿ: ನಿಮಗೆ ಮಾತ್ರ ಗೊತ್ತಿರುವ ಪಿನ್, ನಿಮ್ಮ ಬಳಿ ಮಾತ್ರ ಇರುವ ಸಿಮ್. ಆನ್‌ಲೈನ್ ಕಾರ್ಡ್ ಪಾವತಿಗೆ ಇಂಥ ಎರಡನೇ ಪರೀಕ್ಷೆ ಕಡ್ಡಾಯವಾದದ್ದು 2009ರ ಆಗಸ್ಟ್‌ನಿಂದ. ಫೋನಿಗೆ ಬರುವ, ಒಮ್ಮೆ ಮಾತ್ರ ನಡೆಯುವ ಸಂಖ್ಯೆ, ಅಂದರೆ ಒಟಿಪಿ, ನಮ್ಮ ಬಾಳಿನೊಳಗೆ ಬಂದದ್ದು ಹೀಗೆ. ನೀವು ಯಾರು ಎಂಬ ಪ್ರಶ್ನೆಗೆ ಬ್ಯಾಂಕು ಈಗ ಉತ್ತರ ಹುಡುಕುವುದು ನಿಮ್ಮ ಸಿಮ್ಮಿನಲ್ಲಿ.

ಹಿರಿಯರ ಗೋಳು ಬಹುಪಾಲು ಹುಟ್ಟುವುದು ಇಲ್ಲೇ. ಖಾತೆ ತೆರೆದಾಗ ಮೊಬೈಲ್ ಇರಲಿಲ್ಲ. ಮುಂದೆ ಯಾವಾಗಲೋ ನಂಬರ್ ಕೇಳಿದಾಗ ಮಗನದು ಕೊಟ್ಟರು. ಈಗ ಮಗ ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾನೆ. ಅಪ್ಪ ಶಿರಸಿಯ ಕೌಂಟರಿನಲ್ಲಿ ನಿಂತಿದ್ದಾರೆ, ಒಟಿಪಿ ಮಗನ ಫೋನಿಗೆ ಹೋಗಿದೆ, ಮಗ ಮೀಟಿಂಗಿನಲ್ಲಿದ್ದಾನೆ. ಕೆಲವೇ ನಿಮಿಷದಲ್ಲಿ ಆ ಒಟಿಪಿಗೆ ಬೆಲೆ ಇಲ್ಲ.

ಆ್ಯಪ್ ಹಾಕಿಕೊಳ್ಳುವಾಗಿನ ತೊಡಕೂ ಸಿಮ್ಮಿನದೇ. ಮೊದಲ ಸಲ ಆ್ಯಪ್ ತೆರೆದಾಗ ಸಾಮಾನ್ಯವಾಗಿ ನಿಮ್ಮ ಫೋನಿನಿಂದ ಬ್ಯಾಂಕಿಗೆ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗುತ್ತದೆ. ಖಾತೆಗೆ ಜೋಡಿಸಿದ ಸಿಮ್ ಇದೇ ಫೋನಿನಲ್ಲಿದೆ ಎಂದು ಬ್ಯಾಂಕು ಖಾತ್ರಿ ಮಾಡಿಕೊಳ್ಳುವುದು ಹೀಗೆ. ಫೋನಿನಲ್ಲಿ ಎರಡು ಸಿಮ್ ಇದ್ದು ಇನ್ನೊಂದರಿಂದ ಹೋದರೆ, ಎಸ್ಸೆಮ್ಮೆಸ್ ಕಳಿಸುವಷ್ಟು ರೀಚಾರ್ಜ್ ಇಲ್ಲದಿದ್ದರೆ, ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. ತೆರೆಯ ಮೇಲೆ ಬರುವುದು ಮಾತ್ರ "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂಬ ಒಂದು ಸಾಲು. ಏನು ತಪ್ಪಾಯಿತೆಂದು ಹೇಳದ ಆ ಸಾಲನ್ನು ಬರೆದವರು ತಮ್ಮ ಅಮ್ಮನ ಎದುರು ಒಮ್ಮೆ ಕೂತು ಪರೀಕ್ಷೆ ಮಾಡಿರಲಾರರು.

ಇನ್ನೂ ಗಂಭೀರವಾದದ್ದು ನಂಬರ್ ಕೈತಪ್ಪುವುದು. ಒಳಕರೆ ಬಂದರೆ ಸಾಕು ಎಂದು ರೀಚಾರ್ಜ್ ಮಾಡಿಸದೆ ಬಿಟ್ಟ ಸಿಮ್ ಕೊನೆಗೆ ಬಂದ್ ಆಗುತ್ತದೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಖಾತೆಯಲ್ಲಿ ಹಳೆಯ ನಂಬರೇ ಉಳಿದಿದ್ದರೆ ಬ್ಯಾಂಕಿನ ಸಂದೇಶಗಳೆಲ್ಲ ಅಪರಿಚಿತರೊಬ್ಬರ ಜೇಬಿಗೆ ಹೋಗುತ್ತವೆ. ಹಿರಿಯರ ಖಾತೆಯಲ್ಲಿ ಅವರದೇ, ಚಾಲ್ತಿಯಲ್ಲಿರುವ ನಂಬರ್ ಇರಬೇಕೆನ್ನುವುದು ಇದಕ್ಕೇ. ಬಟನ್ ಫೋನಾದರೂ ಸಾಕು, ಒಟಿಪಿಗೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಬಟನ್ ಫೋನಿನಿಂದಲೇ ಯುಪಿಐ ಪಾವತಿ ಮಾಡಲು 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಅದನ್ನು ಕೌಂಟರಿನಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದವರು ಕಡಿಮೆ.

ಸಹಾಯ ಕೇಳಿದರೆ ರಕ್ಷಣೆ ಹೋಗುತ್ತದೆ

ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದು. ಕೌಂಟರಿನಲ್ಲಿ "ಮಗನಿಂದ ಮಾಡಿಸಿ" ಅನ್ನುತ್ತಾರೆ. ಮಗ ಮಾಡಬೇಕಾದರೆ ಪಿನ್ ಹೇಳಬೇಕು, ಒಟಿಪಿ ಓದಿ ಹೇಳಬೇಕು. ಬ್ಯಾಂಕಿನ ಷರತ್ತು, ಟಿವಿ ಜಾಹೀರಾತು, ಎಟಿಎಂ ಗೋಡೆಯ ಪೋಸ್ಟರು ಎಲ್ಲ ಹೇಳುವುದು ಯಾರಿಗೂ ಹೇಳಬೇಡಿ ಎಂದು. ಮನೆಯವರಿಗೂ ಕೂಡದು.

ಹೇಳಿದರೆ ಏನಾಗುತ್ತದೆ? 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಆನ್‌ಲೈನ್ ವಂಚನೆಯ ನಷ್ಟ ಯಾರ ತಲೆಗೆ ಎಂಬುದಕ್ಕೆ ಚೌಕಟ್ಟು ಹಾಕಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ನಷ್ಟವಿಲ್ಲ. ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಸಂದೇಶ ಬಂದು 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಆಗಲೂ ಪೂರ್ತಿ ವಾಪಸ್. 4ರಿಂದ 7 ಕೆಲಸದ ದಿನದೊಳಗಾದರೆ ಗ್ರಾಹಕರ ಪಾಲಿಗೆ ಮಿತಿ ಇದೆ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿ. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಒಳ್ಳೆಯ ನಿಯಮವೇ. ಆದರೆ ಗ್ರಾಹಕರು ಪಿನ್ ಅಥವಾ ಒಟಿಪಿಯನ್ನು ಇನ್ನೊಬ್ಬರಿಗೆ ಕೊಟ್ಟದ್ದರಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ.

ಹೀಗೆ ಬ್ಯಾಂಕು ಒಂದು ಬಾಯಲ್ಲಿ ಮಗನನ್ನು ಕರೆತನ್ನಿ ಅನ್ನುತ್ತದೆ, ಇನ್ನೊಂದು ಬಾಯಲ್ಲಿ ಮಗನಿಗೆ ಹೇಳಿದ್ದೇ ನಿಮ್ಮ ನಿರ್ಲಕ್ಷ್ಯ ಅನ್ನುತ್ತದೆ. ವಂಚಕರಿಗೂ ಈ ಸಂದಿ ಗೊತ್ತು. "ನಿಮ್ಮ ಕೆವೈಸಿ ಮುಗಿದಿದೆ, ಇವತ್ತೇ ಅಪ್‌ಡೇಟ್ ಮಾಡದಿದ್ದರೆ ಖಾತೆ ಬ್ಲಾಕ್" ಎಂದು ಕಳ್ಳನೂ ಹೇಳುತ್ತಾನೆ, ಕೆವೈಸಿ (ಗುರುತು, ವಿಳಾಸದ ದಾಖಲೆ) ಮಾಡಿಸಿ ಎಂದು ಬ್ಯಾಂಕೂ ಸಂದೇಶ ಕಳಿಸುತ್ತದೆ. ಎರಡೂ ಇಂಗ್ಲಿಷಿನಲ್ಲೇ ಬರುತ್ತವೆ, ಕೆಳಗೆ ಒಂದು ಲಿಂಕ್. ಹೊಲಿಗೆ ಟೀಚರ್ ಆಗಿ ನಿವೃತ್ತಿಯಾದ ಅಜ್ಜಿ ಯಾವುದು ಕಳ್ಳರದು, ಯಾವುದು ಬ್ಯಾಂಕಿನದು ಎಂದು ಹೇಗೆ ಹೇಳಬೇಕು?

ಇತ್ತೀಚೆಗೆ ಎರಡು ಗುರುತು ಬಂದಿವೆ. ಬ್ಯಾಂಕುಗಳ ಸೇವಾ ಕರೆಗಳು 1600ರಿಂದ ಶುರುವಾಗುವ ನಂಬರಿನಿಂದ ಬರಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿತು. ವೆಬ್‌ಸೈಟ್ ವಿಳಾಸಗಳು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗಬೇಕೆಂದು, ಅದಕ್ಕೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಹತ್ತಂಕಿಯ ಸಾಮಾನ್ಯ ಮೊಬೈಲಿನಿಂದ ಬಂದು "ಬ್ಯಾಂಕಿಂದ ಮಾತಾಡ್ತಿದೀವಿ" ಅಂದರೆ ಇಟ್ಟುಬಿಡಿ. ಮೋಸ ಆಗಿಯೇ ಹೋದರೆ ನಾಚಿಕೆಯಿಂದ ಮುಚ್ಚಿಡಬಾರದು, ಮಕ್ಕಳೂ ಬೈಯುತ್ತ ಹೊತ್ತು ಕಳೆಯಬಾರದು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಕೂಡಲೇ ಬ್ಯಾಂಕಿಗೆ ದೂರು. ಹಣ ಕಳ್ಳರ ಖಾತೆಯಿಂದ ಮುಂದಿನ ಖಾತೆಗೆ ಹಾರುವ ಮೊದಲು ತಡೆಯಲು ಸಿಗುವ ಹೊತ್ತು ಬಹಳ ಕಡಿಮೆ.

ಬೆರಳು, ಮುಖ, ಸಹಿ

ನವೆಂಬರ್ ಬಂದರೆ ಪಿಂಚಣಿದಾರರಿಗೆ ಇನ್ನೊಂದು ಪರೀಕ್ಷೆ: ಬದುಕಿದ್ದೇನೆ ಎಂದು ತೋರಿಸಬೇಕು. 2014ರ ನವೆಂಬರ್‌ನಲ್ಲಿ ಶುರುವಾದ ಡಿಜಿಟಲ್ ಜೀವಿತ ಪ್ರಮಾಣಪತ್ರ ಜೀವನ್ ಪ್ರಮಾಣ್ ಇದನ್ನು ಆಧಾರ್ ಮತ್ತು ಬೆರಳಚ್ಚಿಗೆ ಕಟ್ಟಿತು. ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ. ಬೀಡಿ ಕಟ್ಟಿದವರ, ಅಡಿಕೆ ಸುಲಿದವರ, ಗದ್ದೆಯಲ್ಲಿ ದುಡಿದವರ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದು ಮಾಮೂಲು. 2021ರ ನವೆಂಬರ್‌ನಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಮನೆಯಲ್ಲೇ ಕೂತು ಮಾಡುವುದು ಸಾಧ್ಯವಾಯಿತು, ಅದು ನಿಜವಾದ ಸುಧಾರಣೆ. ಅಂಚೆಯಣ್ಣನೂ ಒಂದಿಷ್ಟು ಶುಲ್ಕಕ್ಕೆ ಮನೆಗೆ ಬಂದು ಮಾಡಿಕೊಡುತ್ತಾನೆ. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಮತ್ತೆ, ಕಾಗದದ ಜೀವಿತ ಪ್ರಮಾಣಪತ್ರ ರದ್ದಾಗಿಲ್ಲ. ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೊಡಬಹುದು.

ಸಹಿಯ ಕಥೆ ಹೆಚ್ಚು ಕಹಿ. ಕೈ ನಡುಗಿ ಸಹಿ ಬದಲಾದರೆ ಚೆಕ್ ವಾಪಸ್. "ಆನ್‌ಲೈನ್ ಮಾಡ್ಕೊಂಡ್ರೆ ಸಹಿಯ ರಗಳೆಯೇ ಇಲ್ಲ" ಎಂಬ ಉಪದೇಶ ಬೇರೆ. ಸಹಿ ಮಾಡಲಾಗದ, ಹಾಸಿಗೆ ಹಿಡಿದ ಖಾತೆದಾರರ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ ಹಳೆಯದು, ಸ್ಪಷ್ಟವಾದದ್ದು. ಹೆಬ್ಬೆಟ್ಟು ಅಥವಾ ಕಾಲ್ಬೆರಳಿನ ಗುರುತು ಸಾಕು. ಅದಕ್ಕೆ ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಷ್ಟೂ ಆಗದವರು ಯಾವುದಾದರೂ ಗುರುತು ಹಾಕಿದರೂ ನಡೆಯುತ್ತದೆ. ತಮ್ಮ ಪರವಾಗಿ ಯಾರು ಹಣ ಪಡೆಯುತ್ತಾರೆ ಎಂದೂ ಅವರೇ ಸೂಚಿಸಬಹುದು. ಆಸ್ಪತ್ರೆ ಖರ್ಚಿಗೆ ಅಪ್ಪನ ಖಾತೆಯ ದುಡ್ಡು ತೆಗೆಯಲಾಗದೆ ಒದ್ದಾಡುವ ಮನೆಗಳಿಗೆ ಇದು ಗೊತ್ತಿರಬೇಕಾದ ನಿಯಮ.

ಸ್ಪೇನಿನ ಮುದುಕರೊಬ್ಬರು

ಇದು ನಮ್ಮ ದೇಶದ ರೋಗವಷ್ಟೇ ಅಲ್ಲ. 2022ರ ಆರಂಭದಲ್ಲಿ ಸ್ಪೇನಿನ ವಲೆನ್ಸಿಯದ ಕಾರ್ಲೊಸ್ ಸಾನ್ ಹ್ವಾನ್ ಎಂಬ 78 ವರ್ಷದ ನಿವೃತ್ತ ಮೂತ್ರರೋಗ ತಜ್ಞರು, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದವರು, "ನನಗೆ ವಯಸ್ಸಾಗಿದೆ, ನಾನು ದಡ್ಡನಲ್ಲ" ಎಂಬ ಒಂದು ಸಾಲಿನೊಂದಿಗೆ ಸಹಿ ಸಂಗ್ರಹ ಶುರುಮಾಡಿದರು. ಆರು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಫೆಬ್ರವರಿಯಲ್ಲೇ ಅಲ್ಲಿನ ಬ್ಯಾಂಕುಗಳು ಕೌಂಟರಿನ ಸಮಯ ಹೆಚ್ಚಿಸಲು, ಹಿರಿಯರಿಗೆ ಆದ್ಯತೆ ಕೊಡಲು, ಫೋನಿನಲ್ಲಿ ಮನುಷ್ಯರೇ ಉತ್ತರಿಸಲು ಒಪ್ಪಿದವು. ಅವರು ಆನ್‌ಲೈನ್ ನಿಲ್ಲಿಸಿ ಅನ್ನಲಿಲ್ಲ. ಎದುರಿಗೊಬ್ಬ ಮನುಷ್ಯ ಇರಲಿ ಅಂದರು.

ನಮ್ಮಲ್ಲಿ ನಿಯಮ ಇದೆ, ಹೇಳುವವರಿಲ್ಲ

ತಮಾಷೆಯೆಂದರೆ ಭಾರತದಲ್ಲಿ ಇಂಥದ್ದಕ್ಕೆ ಸಹಿ ಸಂಗ್ರಹಿಸಬೇಕಿಲ್ಲ. 2017ರ ನವೆಂಬರ್ 9ರಂದು ರಿಸರ್ವ್ ಬ್ಯಾಂಕ್ ಹಿರಿಯರಿಗಾಗಿಯೇ ಒಂದು ಸುತ್ತೋಲೆ ಹೊರಡಿಸಿತು. ಹಿರಿಯ ನಾಗರಿಕರಿಗೆ ಪ್ರತ್ಯೇಕ ಅಥವಾ ಆದ್ಯತೆಯ ಕೌಂಟರ್ ಇರಬೇಕು. ಉಳಿತಾಯ ಖಾತೆಗೆ ವರ್ಷಕ್ಕೆ 25 ಚೆಕ್ ಹಾಳೆ ಉಚಿತ, ಅದನ್ನು ಪಡೆಯಲು ಖುದ್ದು ಬರಬೇಕೆಂದು ಒತ್ತಾಯಿಸುವಂತಿಲ್ಲ. 70 ದಾಟಿದವರಿಗೆ, ಅಂಗವಿಕಲರಿಗೆ, ಕಾಯಿಲೆಯಿಂದ ಓಡಾಡಲಾಗದವರಿಗೆ ಮನೆಗೇ ಬಂದು ನಗದು ಮತ್ತು ಚೆಕ್ ಪಡೆಯುವುದು, ನಗದು ಮತ್ತು ಡಿಡಿ ತಲುಪಿಸುವುದು, ಕೆವೈಸಿ ದಾಖಲೆ, ಜೀವಿತ ಪ್ರಮಾಣಪತ್ರ ಸ್ವೀಕರಿಸುವುದು ಇವೆಲ್ಲಕ್ಕೆ ವ್ಯವಸ್ಥೆ ಮಾಡಬೇಕು. ಪಿಗ್ಮಿ ಏಜೆಂಟರು ಮಾಡುತ್ತಿದ್ದದ್ದೇ, ಈಗ ಶುಲ್ಕದೊಂದಿಗೆ.

ಕೆವೈಸಿ ವಿಷಯದಲ್ಲೂ ಬಿಗಿ ಸಡಿಲಾಗಿದೆ. ವಿಳಾಸ ಬದಲಾಗದಿದ್ದರೆ "ಏನೂ ಬದಲಾಗಿಲ್ಲ" ಎಂಬ ಸ್ವಯಂಘೋಷಣೆ ಸಾಕು, ಅದನ್ನು ಪತ್ರದಲ್ಲೂ ಕೊಡಬಹುದು. ಗಡುವಿಗೆ ಮುನ್ನ ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು ಎಂದು 2025ರ ಜೂನ್‌ನಲ್ಲಿ ತಿದ್ದುಪಡಿ ಬಂದಿದೆ. ಪತ್ರವೇ ಬರದೆ ಖಾತೆ ತಡೆಹಿಡಿದಿದ್ದರೆ ಕೇಳುವ ಹಕ್ಕು ನಿಮಗಿದೆ. 2026ರ ಜನವರಿ 1ರಿಂದ ಜಾರಿಗೆ ಬಂದ ನಿರ್ದೇಶನದ ಪ್ರಕಾರ, ಡೆಬಿಟ್ ಕಾರ್ಡಿನಂಥ ಬೇರೆ ಸೌಲಭ್ಯ ಬೇಕಾದರೆ ಮೊಬೈಲ್ ಬ್ಯಾಂಕಿಂಗ್ ಹಾಕಿಸಿಕೊಳ್ಳಲೇಬೇಕು ಎಂದು ಬ್ಯಾಂಕು ಕಡ್ಡಾಯ ಮಾಡುವಂತಿಲ್ಲ. ಪಾಸ್‌ಬುಕ್ ಕೇಳಿದರೆ ಕೊಡಬೇಕು. ಚಲನ್, ಅರ್ಜಿಗಳು ಕನ್ನಡದಲ್ಲೂ ಇರಬೇಕು.

ಇವನ್ನೆಲ್ಲ ಬಾಯಿಮಾತಿನಲ್ಲಿ ಕೇಳಿದರೆ "ನಮ್ಮ ಬ್ರಾಂಚಲ್ಲಿ ಹಾಗಿಲ್ಲ" ಎಂಬ ಉತ್ತರ ಬರುವುದೇ ಹೆಚ್ಚು. ಬರೆದು ಕೊಡಿ. ಒಂದು ಹಾಳೆಯಲ್ಲಿ ಕನ್ನಡದಲ್ಲೇ, ಖಾತೆ ಸಂಖ್ಯೆ, ವಯಸ್ಸು, ಏನು ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, ಇನ್ನೊಂದು ಪ್ರತಿಗೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಮೊಹರು ಬಿದ್ದ ಕಾಗದಕ್ಕೆ ಬ್ಯಾಂಕಿನಲ್ಲಿ ಇನ್ನೂ ಮರ್ಯಾದೆ ಇದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬೇಕಿಲ್ಲ, ಚಂಡೀಗಢದ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ವಿಚಾರಿಸಲು ಉಚಿತ ದೂರವಾಣಿ 14448.

ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮನ ಪಿನ್ ಬರೆದಿಟ್ಟುಕೊಂಡು ಬ್ಯಾಂಕಿಂಗ್ ನಡೆಸುವುದಕ್ಕಿಂತ ಖಾತೆಯನ್ನೇ ಜಂಟಿಯಾಗಿಸುವುದು ಕಾನೂನಿನ ದಾರಿ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಷರತ್ತಿನಲ್ಲಿ ಮಗಳು ತನ್ನದೇ ಪಿನ್ನಿನಿಂದ ವ್ಯವಹರಿಸಬಹುದು. ಇದರಲ್ಲಿ ಆಕೆ ಪೂರ್ತಿ ಹಣ ತೆಗೆಯಲೂ ಬಹುದು ಎಂಬುದು ಹಿರಿಯರಿಗೆ ಗೊತ್ತಿರಲಿ. ಆ ಅಳುಕಿದ್ದರೆ "ಮೊದಲಿನವರು ಅಥವಾ ಉಳಿದವರು" ಎಂಬ ಷರತ್ತಿದೆ. ಅದರಲ್ಲಿ ಮೊದಲ ಹೆಸರಿನವರು ಬದುಕಿರುವಷ್ಟು ಕಾಲ ಹಣ ಅವರ ಕೈಯಲ್ಲೇ. ಇನ್ನೂ ನೆಮ್ಮದಿಯ ಏರ್ಪಾಡು ಎರಡು ಖಾತೆ ಇಡುವುದು. ಔಷಧಿ, ದಿನಸಿ, ಬಿಲ್ಲಿಗೆ ಬೇಕಾದಷ್ಟೇ ಇರುವ ಖಾತೆಗೆ ಯುಪಿಐ. ಪಿಂಚಣಿಯೂ ಎಫ್‌ಡಿಯೂ ಇರುವ ಖಾತೆಗೆ ಆ್ಯಪ್ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ, ಪಾಸ್‌ಬುಕ್ ಮತ್ತು ಚೆಕ್‌ಬುಕ್ ಮಾತ್ರ. ಎರಡನೆಯದನ್ನು ಹಾಗೇ ಇಡಿ ಎಂದು ಶಾಖೆಗೆ ಬರೆದು ಕೊಟ್ಟು, ಆ ಕಾಗದಕ್ಕೂ ಮೊಹರು ಹಾಕಿಸಿಕೊಂಡು ಬನ್ನಿ.